ಮೂವತ್ತೊಂದನೇ ಪ್ರಶ್ನೆ

ಅಖ್ತರಬಾನುವಿನ ಅಕ್ಷರಗಳು ದುಂಡಗಿದ್ದವು. ಹುಬ್ಬಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸುವ ತನಕ ಅವಳನ್ನು ಹೊಗಳಿದವರೆಲ್ಲ ಆ ಅಕ್ಷರಗಳನ್ನೇ ಹೊಗಳಿದ್ದರು. ಮದುವೆಯಾಗಿ ಗೋವಾಕ್ಕೆ ಬಂದು, ವಾಸ್ಕೋ ಬಂದರಿನ ಹಿಂದಿನ ತಾಂಬಡ ಗುಡ್ಡದ ಮೇಲೆ ತಗಡಿನ ಮನೆಯಲ್ಲಿ ಸಂಸಾರ ಹೂಡಿದ ಮೇಲೆ ಅವಕ್ಕೆ ಹೆಚ್ಚು ಕೆಲಸ ಇರಲಿಲ್ಲ. ಊರಿಗೆ ಕಾಗದ ಬರೆಸಿಕೊಳ್ಳಲು ನೆರೆಮನೆಯ ಹೆಂಗಸರು ಬರುತ್ತಿದ್ದರು, ಅಷ್ಟೇ. ಹೀಗಿರುವಾಗ, ೧೯೮೬ರ ದಸರೆ ಕಳೆದ ಮೇಲೆ, ಆ ಅಕ್ಷರಗಳನ್ನು ಹುಡುಕಿಕೊಂಡು ಒಬ್ಬರು ಗುಡ್ಡ ಹತ್ತಿ ಬಂದರು.

ಬಂದವರು ಡಾಕ್ಟರ್ ಪ್ರೇಮಾನಂದ ಕುಂಕಳ್ಯೇಕಾರ. ರೋಗ ನೋಡುವ ಡಾಕ್ಟರಲ್ಲ, ಪಣಜಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಜನಜೀವನದ ಅಧ್ಯಯನ ಮಾಡುವವರು. ಗುಡ್ಡದ ಇನ್ನೂರು ಚಿಲ್ಲರೆ ಮನೆಗಳಿಗೆ ಇದ್ದದ್ದು ಒಂದೇ ನಲ್ಲಿ, ಅದೂ ಬುಡದಲ್ಲಿ, ರೈಲು ಹಳಿಯ ಪಕ್ಕ. ಅಲ್ಲಿಂದ ಕೆಂಪು ಮಣ್ಣಿನಲ್ಲಿ ಕಡಿದ ಮೆಟ್ಟಿಲು ಹತ್ತಿ ಕೊಡ ತರಬೇಕು. ಮೇಲಕ್ಕೆ ಪೈಪು ಎಳೆದು ಮೂರು ನಲ್ಲಿ ಹಾಕಿಸಿಕೊಡಿ ಎಂಬ ಅರ್ಜಿ ಕೊನೆಗೂ ಒಂದು ಕಚೇರಿಯ ಮೇಜು ಮುಟ್ಟಿತ್ತು. ಈ ಜನ ಯಾರು, ಎಷ್ಟಿದ್ದಾರೆ, ಹೇಗಿದ್ದಾರೆ ಎಂದು ಮೊದಲು ಒಂದು ವರದಿ ಕೊಡಿ ಎಂದು ಆ ಕಚೇರಿಯವರು ಸಂಸ್ಥೆಯನ್ನು ಕೇಳಿದ್ದರು. ಹೆಂಗಸರ ಸೊಂಟ ನೋಡಿದರೆ ಅರ್ಧ ಗಳಿಗೆಯಲ್ಲಿ ತಿಳಿಯುವ ವಿಷಯಕ್ಕೆ ವರದಿ ಯಾಕೆ ಎಂದು ಕೇಳಬೇಡಿ. ಸರಕಾರ ಸೊಂಟ ನೋಡುವುದಿಲ್ಲ, ಕಾಗದ ನೋಡುತ್ತದೆ.

ಹಗಲು ಗಂಡಸರೆಲ್ಲ ಬಂದರಿನಲ್ಲಿ ಅದಿರು ತುಂಬುವ ಕೆಲಸದಲ್ಲಿರುತ್ತಿದ್ದರು. ಮನೆಯಲ್ಲಿ ಸಿಗುವವರು ಹೆಂಗಸರು, ಅವರ ಜೊತೆ ಕನ್ನಡದಲ್ಲೇ ಮಾತಾಡಬೇಕು. ಓದಿದ ಹೆಣ್ಣುಮಗಳು ಯಾರಾದರೂ ಇದ್ದಾರೆಯೇ ಎಂದು ಡಾಕ್ಟರು ವಿಚಾರಿಸಿದಾಗ, ಗುಡ್ಡದ ಬುಡದಲ್ಲಿ ಚಹಾದಂಗಡಿ ಇಟ್ಟಿದ್ದ ಹಿರಿಯ ಗಣಪ್ಪ ಸೀದಾ ಚಮನಸಾಬನ ಮನೆಗೆ ಕರೆತಂದ. ಚಮನಸಾಬ ಎಂದರೆ ಅಖ್ತರಬಾನುವಿನ ಗಂಡ. ಮನೆಯ ಯಜಮಾನಿಕೆ ಮಾತ್ರ ಅವನ ತಾಯಿ ಮಕ್ತುಮಬಿಯದು.

‘ಮಂದಿ ಬಾಗಲಾ ಬಡಿಯೂ ಕೆಲಸ ನಮ್ಮ ಸೊಸಿಗೆ ಬ್ಯಾಡ್ರಿ,’ ಎಂದು ಮಕ್ತುಮಬಿ ಮುಖ ಗಂಟಿಕ್ಕಿದಳು.

‘ನೀರಿನ ಸಲುವಾಗಿ ಐತಿ ಅಮ್ಮಾ. ಈ ಕಾಗದಾ ತುಂಬಿ ಹೋದ್ರ ಪೈಪ್ ಬರ್ತೈತಿ,’ ಎಂದ ಗಣಪ್ಪ.

ಮಕ್ತುಮಬಿ ಮೂಲೆಯಲ್ಲಿದ್ದ ಖಾಲಿ ಕೊಡದತ್ತ ನೋಡಿದಳು. ‘ನೀರಿಗಾದ್ರ ಹೋಗವಾ,’ ಎಂದಳು.

ಪಣಜಿಯಲ್ಲಿ ಮೂರು ದಿನ ತರಬೇತಿ ನಡೆಯಿತು. ಡಾಕ್ಟರು ಕನಸಿನಲ್ಲೂ ಒಂದು ಅಂಕಿ ತಿದ್ದದ ಮನುಷ್ಯ. ಹಿಂದೊಮ್ಮೆ ಯಾರೋ ಹುಡುಗರು ಮನೆಗಳಿಗೆ ಹೋಗದೆ, ಗೋಡಂಬಿ ಮರದ ನೆರಳಲ್ಲಿ ಕೂತು ನೂರು ಫಾರ್ಮು ತಾವೇ ತುಂಬಿ ಕೊಟ್ಟಿದ್ದರಂತೆ. ಆ ಸಿಟ್ಟು ಅವರಿಗೆ ಇನ್ನೂ ಆರಿರಲಿಲ್ಲ. ‘ಪ್ರಶ್ನೆಯನ್ನು ಇದ್ದ ಹಾಗೆ ಓದಬೇಕು, ಉತ್ತರವನ್ನು ಬಂದ ಹಾಗೆ ಬರೆಯಬೇಕು,’ ಎಂದು ಕೊಂಕಣಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದರು. ‘ನಿಮಗೆ ಗೊತ್ತಿರುವುದನ್ನು, ನಿಮಗೆ ಅನಿಸುವುದನ್ನು ಮನೆಯಲ್ಲೇ ಬಿಟ್ಟು ಬನ್ನಿ. ಜನರ ಬಾಯಿಂದ ಬಂದದ್ದಕ್ಕೆ ಮಾತ್ರ ಬೆಲೆ.’ ಅಖ್ತರಬಾನು ಈ ಮಾತನ್ನು ತಲೆಯ ಮೇಲೆ ಹೊತ್ತುಕೊಂಡು ಬಂದಳು. ಇಷ್ಟು ಕಾಲದ ಮೇಲೆ ಯಾರೋ ಅವಳನ್ನು ನಂಬಿ ಒಂದು ಕೆಲಸ ಕೊಟ್ಟಿದ್ದರು.

ಫಾರ್ಮಿನಲ್ಲಿ ನಲವತ್ತು ಪ್ರಶ್ನೆಗಳಿದ್ದವು. ಮನೆಯಲ್ಲಿ ಎಷ್ಟು ಜನ, ಏನು ಕೆಲಸ, ನೀರು ಎಲ್ಲಿಂದ ತರುತ್ತೀರಿ, ಮಳೆಗಾಲದಲ್ಲಿ ಏನು ತೊಂದರೆ, ಎಲ್ಲ ಸರಿಯಾಗೇ ಇದ್ದವು. ಮೂವತ್ತೊಂದನೆಯದು ಹೀಗಿತ್ತು: ‘ನೀವು ನಿಮ್ಮ ಸ್ವಂತ ಊರಿಗೆ ಮರಳಿ ಹೋಗುತ್ತೀರಾ?’ ಹೌದು ಎಂದರೆ ಒಂದು, ಇಲ್ಲ ಎಂದರೆ ಎರಡು, ಗೊತ್ತಿಲ್ಲ ಎಂದರೆ ಮೂರು.

ಈ ಪ್ರಶ್ನೆಗೆ ಬಂದಾಗ ಗುಡ್ಡದ ಹೆಂಗಸರೆಲ್ಲ ಒಂದೇ ರೀತಿ ಬೆಚ್ಚಿದರು. ಲಂಬಾಣಿ ಹೆಂಗಸು ಥಾವರಿಬಾಯಿ ಬೀಚಿನಲ್ಲಿ ಕನ್ನಡಿ ಹೊಲಿದ ಚೀಲ ಮಾರುವವಳು. ಆ ವಾರವಷ್ಟೇ ಮನೆಗೆ ತಾನೇ ಸಿಮೆಂಟು ಕಲಸಿ ನೆಲ ಮಾಡಿದ್ದಳು. ಒಂದು ಮೂಲೆ ಇನ್ನೂ ಹಸಿ ಇತ್ತು, ಅತ್ತ ಕಾಲಿಡಬೇಡ ಎಂದು ಅಖ್ತರಬಾನುವಿಗೆ ಮೂರು ಸಲ ಹೇಳಿದ್ದಳು.

‘ಹೋಗೂದಿಲ್ಲೇನು ಅಂತ ಕೇಳ್ತಿಯೇನ? ಬಿಡ್ತು ಅನ್ನವ್ವಾ!’ ಎಂದು ಥಾವರಿಬಾಯಿ ಕೂಗಿಯೇಬಿಟ್ಟಳು. ‘ನಮ್ಮ ತಾಂಡಾ ಅಲ್ಲೈತಿ, ನಮ್ಮ ದೇವ್ರು ಅಲ್ಲದಾನ. ಹೋಗದs ಇಲ್ಲೇನು ಸಾಯಾಕ ಬಂದೇವೇನ?’

‘ಬಿಡ್ತು ಅಂದೆ, ಕಾಕಿ. ಹೌದು ಅಂತ ಬರೀಲಿ?’

‘ಬರಿ, ಬರಿ. ಮೊದಲ ಅದನ್ನ ಬರಿ.’

ಹೊಸ ನೆಲದ ಮೇಲೆ ಕೂತು ಅಖ್ತರಬಾನು ‘ಒಂದು’ ಎಂದು ದುಂಡಗೆ ಬರೆದಳು. ಎರಡು ವರ್ಷದಿಂದ ಊರಿನ ದಾರಿ ತುಳಿಯದ ಮನೆ ಅದು. ಆದರೂ ‘ಊರಿಗೆ ಹೋಗುವುದಿಲ್ಲ’ ಎಂದು ಬಾಯಿಬಿಟ್ಟು ಹೇಳುವುದು ಅವರಲ್ಲಿ ಇಲ್ಲ. ಹಾಗೆ ಹೇಳಿದರೆ ಹಿರಿಯರಿಗೆ ಬೆನ್ನು ಹಾಕಿದಂತೆ, ಪರದೇಶದ ಮಣ್ಣಿಗೆ ತನ್ನನ್ನು ತಾನೇ ಒಪ್ಪಿಸಿಕೊಟ್ಟಂತೆ. ಮುಸಲ್ಮಾನರಿರಲಿ, ಲಂಬಾಣಿಗಳಿರಲಿ, ಗುಡ್ಡದ ಮೇಲೆ ಯಾರೂ ಆ ಮಾತನ್ನು ಆಡುತ್ತಿರಲಿಲ್ಲ. ಅಖ್ತರಬಾನುವಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿರುವುದನ್ನು ಮನೆಯಲ್ಲೇ ಬಿಟ್ಟು ಬರಬೇಕೆಂದು ಡಾಕ್ಟರು ಹೇಳಿದ್ದರಲ್ಲ, ಹಾಗಾಗಿ ಬಿಟ್ಟು ಬಂದಿದ್ದಳು.

ಕೊನೆಗೆ ತನ್ನ ಮನೆಯ ಫಾರ್ಮನ್ನೂ ತುಂಬಿದಳು. ಮಕ್ತುಮಬಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೂತು, ‘ಎಲ್ಲಾರ್ಗಿ ಕೇಳಿದಂಗ ನನಗೂ ಕೇಳು,’ ಎಂದಳು. ಊರಲ್ಲಿ ಮನೆ ಇದೆಯೇ ಎಂಬ ಪ್ರಶ್ನೆಗೆ, ‘ಐತಿ. ಮೂರಂಕಣದ್ದು. ಮುಂದ ಬೇವಿನ ಗಿಡ ಐತಿ,’ ಎಂದಳು.

ಅಖ್ತರಬಾನುವಿನ ಪೆನ್ನು ಒಂದು ಗಳಿಗೆ ನಿಂತಿತು. ಸಿಂದಗಿ ಕಡೆಯ ಆ ಮನೆ ೧೯೮೨ರ ಮಳೆಗೆ ಬಿದ್ದುಹೋಗಿತ್ತು. ಬಿದ್ದ ಜಾಗದಲ್ಲಿ ಮಕ್ತುಮಬಿಯ ಮೈದುನ ಲಾಡಸಾಬ ದನದ ಕೊಟ್ಟಿಗೆ ಎಬ್ಬಿಸಿದ್ದ. ಮದುವೆಯಾದ ಹೊಸದರಲ್ಲಿ ಚಮನಸಾಬ ಇದನ್ನು ಹೆಂಡತಿಗೆ ಹೇಳಿ, ‘ಅಮ್ಮನ ಮುಂದ ಈ ಮಾತು ಎತ್ತಬ್ಯಾಡ’ ಎಂದಿದ್ದ. ಗುಡ್ಡದಲ್ಲಿ ಬೇರೆ ಯಾರಿಗೂ ಇದು ತಿಳಿದಿರಲಿಲ್ಲ. ಬೇವಿನ ಗಿಡದ ನೆರಳಿನ ಬಗ್ಗೆ ಮಕ್ತುಮಬಿ ಎಲ್ಲರ ಮುಂದೆಯೂ ಹೇಳಿಕೊಳ್ಳುತ್ತಿದ್ದಳು.

‘ಊರಿಗೆ ಮರಳಿ ಹೋಗ್ತೀರೇನ್ರಿ ಅತ್ತಿ?’

‘ಬರೂ ಉರುಸಿಗೆ ಹೋಗೂದು,’ ಎಂದಳು ಮಕ್ತುಮಬಿ, ಹನ್ನೊಂದು ವರ್ಷದಿಂದ ಹೇಳಿದ ಹಾಗೆಯೇ.

ಸೊಸೆ ಬರೆದುಕೊಂಡಳು.

ವರದಿ ಮರುವರ್ಷ ಅಚ್ಚಾಯಿತು. ಒಳ್ಳೆಯ ಕೆಲಸ ಎಂದು ಬಲ್ಲವರೆಲ್ಲ ತಲೆದೂಗಿದರಂತೆ. ಒಂದು ಫಾರ್ಮೂ ಖಾಲಿ ಇರಲಿಲ್ಲ, ಒಂದು ಅಂಕಿಯೂ ಸುಳ್ಳಿರಲಿಲ್ಲ. ಗುಡ್ಡದ ಜನ ನಲ್ಲಿಯ ದಾರಿ ನೋಡುತ್ತಲೇ ಇದ್ದರು. ಆ ಮಳೆಗಾಲದಲ್ಲಿ ಸೋಮಿಬಾಯಿ ಎಂಬ ಬಾಣಂತಿ, ಮೂರು ತಿಂಗಳ ಕೂಸನ್ನು ಮನೆಯಲ್ಲಿ ಮಲಗಿಸಿ ನೀರಿಗೆ ಇಳಿದವಳು, ತುಂಬಿದ ಕೊಡದೊಂದಿಗೆ ಮೆಟ್ಟಿಲ ಮೇಲಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಸ್ಪತ್ರೆಯಿಂದ ಬಂದ ಮೇಲೂ ಅವಳಿಗೆ ಏಳಲಾಗಲಿಲ್ಲ. ಕೂಸನ್ನು ಅಕ್ಕಪಕ್ಕದವರು ಎತ್ತಿ ಆಡಿಸುತ್ತಿದ್ದರು.

ಕಚೇರಿಯ ಉತ್ತರ ೧೯೮೮ರ ಫೆಬ್ರವರಿಯಲ್ಲಿ ಬಂತು. ಗಣಪ್ಪನ ಅಂಗಡಿಯ ಮುಂದೆ ಜನ ಸೇರಿದರು. ಇಂಗ್ಲಿಷ್ ಕಾಗದವನ್ನು ಓದಿ ಹೇಳಲು ಅಖ್ತರಬಾನುವನ್ನೇ ಕರೆಸಿದರು. ಅವಳು ಸಾಲು ಸಾಲಾಗಿ ಕನ್ನಡಕ್ಕೆ ಇಳಿಸಿ ಹೇಳಿದಳು. ‘ಅಧ್ಯಯನದ ಪ್ರಕಾರ ಇನ್ನೂರಾ ಹದಿನಾಲ್ಕು ಕುಟುಂಬಗಳಲ್ಲಿ ನೂರಾ ತೊಂಬತ್ತೇಳು ಕುಟುಂಬಗಳು ಊರಿಗೆ ಮರಳಲಿವೆ. ಇವರು ತಾತ್ಕಾಲಿಕ ನಿವಾಸಿಗಳು. ಆದ್ದರಿಂದ ಇಲ್ಲಿ ಶಾಶ್ವತ ನೀರಿನ ವ್ಯವಸ್ಥೆ ಮಾಡುವುದು ಸೂಕ್ತವಲ್ಲ.’

ಥಾವರಿಬಾಯಿ ಕೇಳಿದಳು: ‘ಅಲ್ಲವ್ವಾ, ಅದನ್ನ ಬರದಾಕಿ ಯಾರು?’

‘ನಾನs ಕಾಕಿ. ನೀವು ಹೇಳಿದ್ದನ್ನs ಬರದೇನಿ.’

‘ನಾವು ಹೇಳಿದ್ವಿ ಖರೇ. ನಿನಗ ತಿಳೀಬಾರ್ದೇನ? ನೀ ಏನ್ ಹೊರಗಿನಾಕಿಯೇನ?’

ಈ ಮಾತು ನಾಟಿತು. ಹೊರಗಿನ ಯಾರೋ ಬರೆದಿದ್ದರೆ ಗುಡ್ಡ ಬೈದು ಸುಮ್ಮನಾಗುತ್ತಿತ್ತು. ಮರುದಿನದಿಂದ ನಲ್ಲಿಯ ಸಾಲಿನಲ್ಲಿ ಅವಳ ಕೊಡಕ್ಕೆ ಯಾರೂ ಜಾಗ ಬಿಡಲಿಲ್ಲ. ಬೈಯಲೂ ಇಲ್ಲ, ಮಾತಾಡಿಸಲೂ ಇಲ್ಲ. ಕಾಗದ ಬರೆಸಿಕೊಳ್ಳಲು ಬರುತ್ತಿದ್ದವರೂ ನಿಂತರು. ಒಂದು ದಿನ ಸೋಮಿಬಾಯಿಯ ಮನೆಯ ಮುಂದೆ ಹಾದುಹೋಗುವಾಗ ಒಳಗೆ ಕೂಸು ಅಳುತ್ತಿತ್ತು. ಮಲಗಿದಲ್ಲಿಂದಲೇ ತಾಯಿ ಅದನ್ನು ರಮಿಸುವ ದನಿ ಕೇಳಿಸಿತು. ಅಖ್ತರಬಾನು ಹಲ್ಲು ಕಚ್ಚಿ ಮನೆಗೆ ಬಂದು, ಬುರ್ಖಾ ಹಾಕಿಕೊಂಡು, ಪಣಜಿಯ ಬಸ್ಸು ಹತ್ತಿದಳು.

ಡಾಕ್ಟರು ಅವಳನ್ನು ಕಂಡು ಖುಷಿಯಿಂದಲೇ ಎದ್ದರು. ಅವಳು ಕಚೇರಿಯ ಕಾಗದವನ್ನು ಮೇಜಿನ ಮೇಲಿಟ್ಟಾಗ ಓದಿ ಕೂತುಬಿಟ್ಟರು. ಆ ವರದಿಯಿಂದ ನೀರು ಬರುತ್ತದೆಂದೇ ಅವರು ತಿಳಿದಿದ್ದರು. ಕೊನೆಗೆ ಕಪಾಟಿನಿಂದ ಫಾರ್ಮುಗಳ ಕಟ್ಟು ತೆಗೆದು ಬಿಚ್ಚಿದರು. ಹೆಚ್ಚುಕಡಿಮೆ ಎಲ್ಲದರಲ್ಲೂ ಅವಳ ದುಂಡಗಿನ ‘ಒಂದು’.

‘ಇವರು ನಿಜವಾಗಿ ಹೋಗುವವರಲ್ಲ ಅಂತ ನಿನಗೆ ಗೊತ್ತಿತ್ತೇ?’ ಎಂದು ಕೇಳಿದರು. ಅವರಿಬ್ಬರ ಮಾತು ಕೊಂಕಣಿಯಲ್ಲೇ ನಡೆಯಿತು. ಐದು ವರ್ಷದಲ್ಲಿ ಅವಳು ಅದನ್ನು ಚೆನ್ನಾಗೇ ಕಲಿತಿದ್ದಳು.

‘ಗೊತ್ತಿತ್ತು ಸರ್.’

‘ಹೇಳಲಿಲ್ಲ ಯಾಕೆ?’

‘ಗೊತ್ತಿರುವುದನ್ನು ಮನೆಯಲ್ಲಿ ಬಿಟ್ಟು ಬಾ ಅಂದಿದ್ದಿರಿ.’

ಡಾಕ್ಟರು ಕನ್ನಡಕ ತೆಗೆದರು. ‘ಹಾಗಾದರೆ ಅವರು ಸುಳ್ಳು ಹೇಳಿದರೇ?’

‘ಸುಳ್ಳಲ್ಲ ಸರ್. ಮನೆಯಿಂದ ಹೊರಡುವಾಗ ನಾವು ಹೋಗ್ತೇನೆ ಅನ್ನುವುದಿಲ್ಲ, ಬರ್ತೇನೆ ಅನ್ನುತ್ತೇವೆ. ಅದು ಸುಳ್ಳೇ? ಊರಿಗೆ ಹೋಗುವುದಿಲ್ಲ ಅಂತ ಬಾಯಲ್ಲಿ ಅಂದರೆ ಅಪಶಕುನ. ನೀವು ಇನ್ನೂರು ಸಲ ಕೇಳಿ, ಹೋಗ್ತೇವೆ ಅಂತಲೇ ಹೇಳುತ್ತಾರೆ.’

ಡಾಕ್ಟರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ‘ನಮ್ಮ ಆಯಿಯೂ ಹಾಗೇ,’ ಎಂದರು ಮೆಲ್ಲಗೆ. ‘ಹೊಸ್ತಿಲು ದಾಟುವಾಗ ಯೆತಾಂ, ಬರ್ತೇನೆ, ಅನ್ನದೆ ಹೊರಟರೆ ನನ್ನನ್ನು ವಾಪಸು ಕರೆದು ಕೂರಿಸುತ್ತಿದ್ದಳು. ಇಪ್ಪತ್ತು ವರ್ಷ ಜನರನ್ನು ಪ್ರಶ್ನೆ ಕೇಳಿದ್ದೇನೆ, ಇದು ನನಗೆ ಹೊಳೆಯಲಿಲ್ಲ.’ ಆಮೇಲೆ ಫಾರ್ಮುಗಳನ್ನು ಮತ್ತೆ ಕಟ್ಟುತ್ತ, ‘ತಪ್ಪು ನಿನ್ನದಲ್ಲ ಅಖ್ತರಬಾನು. ಉತ್ತರ ಅವರದು, ಅಕ್ಷರ ನಿನ್ನದು, ಪ್ರಶ್ನೆ ನನ್ನದು,’ ಎಂದರು.

ಅಖ್ತರಬಾನುವಿಗೆ ಅಳು ಬಂತು. ತಡೆದುಕೊಂಡಳು. ಸಮಾಧಾನ ಹೇಳಿಸಿಕೊಳ್ಳಲು ಅವಳು ಅಷ್ಟು ದೂರ ಬಂದಿರಲಿಲ್ಲ. ‘ಮತ್ತೊಮ್ಮೆ ಕೇಳೋಣ ಸರ್,’ ಎಂದಳು. ‘ಮುಂದೆ ಏನು ಮಾಡುತ್ತೀರಿ ಅಂತ ಬೇಡ. ಇಲ್ಲಿವರೆಗೆ ಏನು ಮಾಡಿದಿರಿ ಅಂತ ಕೇಳೋಣ.’

ಪ್ರಶ್ನೆಗಳನ್ನು ಅವಳೇ ಹೇಳಿದಳು, ಡಾಕ್ಟರು ಬರೆದುಕೊಂಡರು. ಊರಿಗೆ ಹೋಗಿ ಬಂದು ಎಷ್ಟು ದಿನವಾಯಿತು? ಹೋದಾಗ ಎಷ್ಟು ದಿನ ಇದ್ದಿರಿ, ಯಾರ ಮನೆಯಲ್ಲಿ ಇಳಿದುಕೊಂಡಿರಿ? ಕೊನೆಯ ಕೂಸು ಹುಟ್ಟಿದ್ದೆಲ್ಲಿ, ಅದರ ಹೊಕ್ಕಳ ಬಳ್ಳಿ ಹೂತದ್ದೆಲ್ಲಿ? ಮನೆಯಲ್ಲಿ ತೀರಿಕೊಂಡವರನ್ನು ಎಲ್ಲಿ ಮಣ್ಣು ಮಾಡಿದಿರಿ? ಬರೆದುಕೊಳ್ಳುತ್ತ ಡಾಕ್ಟರು ಎರಡು ಸಲ ಪೆನ್ನು ನಿಲ್ಲಿಸಿ ಅವಳ ಮುಖ ನೋಡಿದರು.

ಈ ಸಲ ಅವರು ಪಣಜಿಯಲ್ಲಿ ಕೂರಲಿಲ್ಲ. ರಜೆ ಹಾಕಿ ಗುಡ್ಡಕ್ಕೆ ಬಂದು ಅವಳ ಹಿಂದೆ ಮನೆ ಮನೆ ತಿರುಗಿದರು. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ, ಹೊಸ್ತಿಲ ಮೇಲೆ ಕೂತು, ಕೊಟ್ಟ ಚಹಾ ಕುಡಿದರು. ಹೆಂಗಸರು ಮೊದಮೊದಲು ಬಿಗುಮಾನದಿಂದಲೇ ಬಾಗಿಲು ತೆರೆದರು. ಆದರೆ ಪ್ರಶ್ನೆ ಕೇಳಿದ ಮೇಲೆ ಬಾಯಿ ಸಡಿಲವಾಯಿತು. ‘ಈ ಕೂಸಿನ ಬಳ್ಳಿ? ಇಲ್ಲೇ, ಬಚ್ಚಲದ ಹಿಂದ ಹೂತೇನಿ ನೋಡ್ರಿ,’ ಎಂದು ಥಾವರಿಬಾಯಿ ಡಾಕ್ಟರನ್ನು ಹಿತ್ತಲಿಗೇ ಕರೆದೊಯ್ದು ತೋರಿಸಿದಳು. ನೆಲದಲ್ಲಿ ಮಲಗಿದ್ದ ಸೋಮಿಬಾಯಿ, ‘ನಮ್ಮ ಮಾವನ್ನ ಇಲ್ಲೇ ಮಣ್ಣ ಮಾಡೇವ್ರಿ. ಊರಿಗೆ ಒಯ್ಯೂದು ಆಗಲಿಲ್ಲ,’ ಎಂದಳು. ಇದರಲ್ಲಿ ಅಪಶಕುನ ಏನೂ ಇರಲಿಲ್ಲ. ಆಗಿಹೋದದ್ದನ್ನು ಹೇಳಲು ಯಾರಿಗೂ ಭಯವಿಲ್ಲ.

ಒಂದು ಮನೆಯದು ಮಾತ್ರ ತುಂಬಲಾಗಲಿಲ್ಲ. ‘ಊರಿಗೆ ಹೋದಾಗ ಯಾರ ಮನೆಯಲ್ಲಿ ಇಳಿದುಕೊಂಡಿರಿ’ ಎಂಬಲ್ಲಿಗೆ ಬಂದಾಗ ಮಕ್ತುಮಬಿ, ‘ಒಲಿ ಮ್ಯಾಲ ಸಾರು ಐತಿ,’ ಎಂದು ಎದ್ದು ಹೋದಳು. ಮತ್ತೆ ಬಂದು ಕೂರಲಿಲ್ಲ. ಅಖ್ತರಬಾನು ಒತ್ತಾಯ ಮಾಡಲಿಲ್ಲ. ಕಟ್ಟು ಒಪ್ಪಿಸುವಾಗ ಡಾಕ್ಟರು ಎಣಿಸಿ, ‘ನಿಮ್ಮ ಮನೆಯದು?’ ಎಂದರು. ‘ಇಲ್ಲ ಸರ್,’ ಎಂದಳು. ಅವರು ಕಟ್ಟಿಗೆ ದಾರ ಸುತ್ತಿದರು.

ಎರಡನೇ ವರದಿ ಹನ್ನೆರಡೇ ಪುಟದ್ದು. ಊರಿಗೆ ಹೋಗುತ್ತೇವೆ ಎಂದಿದ್ದ ನೂರಾ ತೊಂಬತ್ತೇಳು ಮನೆಗಳಲ್ಲಿ ನೂರಾ ಎಂಬತ್ತೊಂಬತ್ತು ಅಲ್ಲೇ ಇದ್ದವು. ಮೂರು ವರ್ಷದಲ್ಲಿ ಊರಲ್ಲಿ ಹದಿನೈದು ದಿನ ನಿಂತವರು ಬೆರಳೆಣಿಕೆಯಷ್ಟು. ಮೊದಲ ಪುಟದಲ್ಲಿ ಡಾಕ್ಟರು, ‘ಹಿಂದಿನ ವರದಿಯ ಮೂವತ್ತೊಂದನೇ ಪ್ರಶ್ನೆ ತಪ್ಪು ಪ್ರಶ್ನೆ. ಅದನ್ನು ರಚಿಸಿದವನು ನಾನು’ ಎಂದು ತಮ್ಮ ಹೆಸರು ಹಾಕಿ ಬರೆದರು. ಬೇಡ, ಮರ್ಯಾದೆ ಹೋಗುತ್ತದೆ ಎಂದು ಸಂಸ್ಥೆಯ ಹಿರಿಯರು ಹೇಳಿದ್ದರಂತೆ. ಇವರು ಕೇಳಲಿಲ್ಲ. ಓದಿದವರಲ್ಲಿ ಇಂಥವರು ಅಪರೂಪ, ಅದಕ್ಕೇ ಹೇಳುತ್ತಿದ್ದೇನೆ.

ನವೆಂಬರಿನಲ್ಲಿ ಕಚೇರಿಯ ಸಾಹೇಬರು ಗುಡ್ಡಕ್ಕೆ ಬಂದರು. ಬುಡದಲ್ಲಿ ಗಣಪ್ಪನ ಅಂಗಡಿಯ ಮುಂದೆ ಕುರ್ಚಿ ಹಾಕಿದರು, ಎದುರಿಗೆ ಜನ ನೆಲದ ಮೇಲೆ ಕೂತರು. ಚಮನಸಾಬ ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದ. ಅಖ್ತರಬಾನು ಅತ್ತೆಯ ಪಕ್ಕ ಕೂತಿದ್ದಳು. ಸಾಹೇಬರು ಎರಡೂ ವರದಿಗಳನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿಯಲ್ಲಿ ಡಾಕ್ಟರನ್ನು ಕೇಳಿದರು: ‘ಇದೂ ನಿಮ್ಮದೇ, ಇದೂ ನಿಮ್ಮದೇ. ಯಾವುದರಲ್ಲಿ ಈ ಜನ ಸುಳ್ಳು ಹೇಳಿದ್ದಾರೆ?’

‘ಎರಡರಲ್ಲೂ ಇಲ್ಲ. ಮೊದಲನೆಯದರಲ್ಲಿ ನಾನು ತಪ್ಪು ಕೇಳಿದೆ.’

‘ಅದು ನಿಮ್ಮ ಶಾಸ್ತ್ರದ ವಿಷಯ. ಹೊಕ್ಕಳ ಬಳ್ಳಿ ಎಲ್ಲಿದೆ ಅಂತ ಬರೆದರೆ ನಮ್ಮ ಮೇಲಿನವರು ನಗುತ್ತಾರೆ. ನನಗೆ ಒಂದು ನೇರ ಮಾತು ಬೇಕು.’ ಸಾಹೇಬರು ಜನರತ್ತ ತಿರುಗಿದರು. ‘ನಿಮ್ಮನ್ನೇ ಕೇಳುತ್ತೇನೆ. ಊರಿಗೆ ವಾಪಸು ಹೋಗುವುದಿಲ್ಲ, ಇಲ್ಲೇ ಇರುತ್ತೇವೆ ಅನ್ನುವವರು ಕೈ ಎತ್ತಿ.’

ಗಣಪ್ಪ ಅದನ್ನು ಕನ್ನಡದಲ್ಲಿ ಹೇಳಿದ. ಒಂದು ಕೈಯೂ ಏಳಲಿಲ್ಲ. ಥಾವರಿಬಾಯಿ ತಲೆ ತಗ್ಗಿಸಿದಳು. ಚಮನಸಾಬ ತನ್ನ ಅಂಗೈಯನ್ನು ನೋಡುತ್ತ ಕೂತ. ಹೇಳಿದ ಗಣಪ್ಪನೇ ತೊಳೆದ ಲೋಟವನ್ನು ಮತ್ತೆ ತೊಳೆಯತೊಡಗಿದ. ನೀರು ಬೇಕೆಂದು ಬಾಯಿಬಿಡುತ್ತಿದ್ದ ನೂರಾರು ಜನರ ಬಾಯಿಗೆ ಬೀಗ ಬಿದ್ದಿತ್ತು. ಡಾಕ್ಟರು ಏನೋ ಹೇಳಹೊರಟರು, ಸಾಹೇಬರು ಕೈ ಅಡ್ಡ ಮಾಡಿ ಫೈಲು ಮಡಚತೊಡಗಿದರು.

ಅಖ್ತರಬಾನು ಕೈ ಎತ್ತಲು ಹೊರಟಳು. ಅತ್ತೆ ಅವಳ ಮಣಿಕಟ್ಟನ್ನು ಹಿಡಿದು ಕೆಳಗಿಳಿಸಿದಳು. ಹಿರಿಯರ ಮುಂದೆ ಸೊಸೆ ಈ ಮಾತಾಡುವುದನ್ನು ತಡೆದಳು ಎಂದೇ ಸುತ್ತಲಿನವರು ತಿಳಿದರು. ಅಖ್ತರಬಾನುವೂ ಹಾಗೆಯೇ ತಿಳಿದಳು.

‘ಬಾಳಿ ಬದುಕೂ ಹೆಣ್ಣು ನೀ. ಆ ಮಾತು ನಿನ್ನ ಬಾಯಾಗ ಬರಬಾರ್ದು,’ ಎಂದಳು ಮಕ್ತುಮಬಿ ಅವಳಿಗೆ ಮಾತ್ರ ಕೇಳುವಂತೆ. ಆಮೇಲೆ ಮೊಣಕಾಲಿಗೆ ಕೈಕೊಟ್ಟು ತಾನೇ ಎದ್ದು ನಿಂತಳು.

‘ಸಾಹೇಬ್ರ, ನಾ ಚಮನಸಾಬನ ತಾಯಿ ಮಕ್ತುಮಬಿ. ನನಗ ಊರಾಗ ಮನಿ ಇಲ್ರಿ. ಬಿದ್ದು ಆರು ವರ್ಷಾತು. ನನ್ನ ಮೈದುನ ಅಲ್ಲಿ ದನಾ ಕಟ್ಟಾಕತ್ತಾನ. ನಾನs ಹೆಬ್ಬಟ್ಟು ಒತ್ತಿ ಜಾಗಾ ಬಿಟ್ಟುಕೊಟ್ಟೇನಿ. ಈ ಮಂದಿ ಮುಂದೆಲ್ಲಾ ಮನಿ ಐತಿ, ಮನಿ ಐತಿ ಅಂತ ಹೇಳ್ಕೋತ ಬಂದೇನಿ. ಇವತ್ತ ಖರೇ ಹೇಳ್ತೇನಿ. ನಾ ಊರಿಗೆ ಹೋಗೂದಿಲ್ರಿ. ಇಲ್ಲೇ ಇರ್ತೇನಿ. ಇಲ್ಲೇ ಸಾಯ್ತೇನಿ.’

‘ಬಿಡ್ತು ಅನ್ನಬೇ!’ ಎಂದು ಥಾವರಿಬಾಯಿ ಚೀರಿದಳು.

‘ಇಲ್ಲವಾ. ಅನ್ನೂದಿಲ್ಲ.’

ಸಾಹೇಬರಿಗೆ ಅರ್ಥವಾಗಲಿಲ್ಲ. ‘ಏನು ಹೇಳಿದಳು ಆಕೆ?’ ಎಂದು ಡಾಕ್ಟರನ್ನು ನೋಡಿದರು. ಡಾಕ್ಟರು ಅಖ್ತರಬಾನುವನ್ನು ನೋಡಿದರು. ಅವಳು ಎದ್ದು ನಿಂತು ಅತ್ತೆಯ ಮಾತನ್ನು ಹಿಂದಿಗೆ ಇಳಿಸಿದಳು. ಮನೆ ಬಿದ್ದದ್ದು, ದನ ಕಟ್ಟಿದ್ದು, ಹೆಬ್ಬೆಟ್ಟು ಒತ್ತಿದ್ದು, ಒಂದನ್ನೂ ಬಿಡಲಿಲ್ಲ. ಕೊನೆಯ ಮಾತಿಗೆ ಬಂದು ನಿಂತಳು. ಅದೊಂದನ್ನು ನುಂಗಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅತ್ತೆ ಅವಳತ್ತ ತಿರುಗಿ, ‘ಎಲ್ಲಾ ಹೇಳಿದೇನು?’ ಎಂದಳು. ‘ಯಹೀಂ ಮರೂಂಗಿ ಅನ್ನುತ್ತಿದ್ದಾರೆ ಸಾಬ್,’ ಎಂದು ಅಖ್ತರಬಾನು ಹೇಳಿ ಮುಗಿಸಿದಳು.

ಸಾಹೇಬರು ಬರೆದುಕೊಂಡರು. ಮಕ್ತುಮಬಿ ಮುಂದೆ ಬಂದು, ಅದರ ಕೆಳಗೆ ಹೆಬ್ಬೆಟ್ಟು ಒತ್ತಿದಳು. ಅವಳ ಹಿಂದೆ ಬೇರೆ ಯಾರೂ ಕೈ ಎತ್ತಲಿಲ್ಲ. ಆದರೆ ಅವಳು ಮೆಟ್ಟಿಲು ಹತ್ತಿ ಹೋಗುವಾಗ ಕೂತವರೆಲ್ಲ ಎದ್ದು ದಾರಿ ಬಿಟ್ಟರು.

ಆ ಒಂದು ಹೆಬ್ಬೆಟ್ಟಿನಿಂದಲೋ, ಹನ್ನೆರಡು ಪುಟದ ವರದಿಯಿಂದಲೋ, ಡಾಕ್ಟರು ಆರು ತಿಂಗಳು ಕಚೇರಿಯ ಬಾಗಿಲು ಸವೆಸಿದ್ದರಿಂದಲೋ, ೧೯೮೯ರ ಮೇ ತಿಂಗಳಲ್ಲಿ ಪೈಪು ಗುಡ್ಡ ಹತ್ತಿತು. ಮೊದಲ ದಿನ ನೀರು ಕೆಂಪಗೆ ಬಂತು, ಆಮೇಲೆ ತಿಳಿಯಾಯಿತು. ಹೆಂಗಸರು ಇದ್ದಬದ್ದ ಪಾತ್ರೆಗಳನ್ನೆಲ್ಲ ತಂದಿಟ್ಟರು. ಥಾವರಿಬಾಯಿ ಸಾಲನ್ನು ಸರಿಸಿ ಅಖ್ತರಬಾನುವಿನ ಕೊಡವನ್ನು ತಾನೇ ಎತ್ತಿ ಮುಂದಿಟ್ಟಳು.

ಮಕ್ತುಮಬಿ ಹೊರಗೆ ಬಂದಿರಲಿಲ್ಲ. ಅಖ್ತರಬಾನು ಒಂದು ತಂಬಿಗೆ ನೀರು ಹಿಡಿದು ಒಳಗೆ ಹೋದಾಗ ಗೋಡೆಗೆ ಒರಗಿ ಕೂತಿದ್ದಳು. ಆ ನವೆಂಬರಿನಿಂದ ಅವಳು ಊರಿನ ಹೆಸರೆತ್ತಿರಲಿಲ್ಲ. ಉರುಸು ಬಂದು ಹೋಗಿತ್ತು, ಆಗಲೂ ಏನೂ ಅಂದಿರಲಿಲ್ಲ.

‘ನೀರು ಬಂತ್ರಿ ಅತ್ತಿ. ಕುಡೀರಿ.’

ಮಕ್ತುಮಬಿ ಕುಡಿದಳು. ‘ಚಲೋ ಅದಾವು,’ ಎಂದಳು.

‘ನನ್ನ ಮ್ಯಾಲ ಸಿಟ್ಟು ಐತೇನ್ರಿ?’

‘ನಿನ್ನ ಮ್ಯಾಲ ಯಾಕ ಸಿಟ್ಟವಾ? ನೀ ಕೇಳಿದ್ದಿ, ಬರದಿ.’ ಅವಳು ತಂಬಿಗೆಯನ್ನು ನೆಲಕ್ಕಿಟ್ಟಳು. ‘ಖರೇ ಒಂದು ಮಾತು ಹೇಳ್ತೇನಿ ಕೇಳು. ಮೊದಲ ಸಲ ನಾ ಊರಿಗೆ ಹೋಗೂದು ಅಂದಿದ್ನೆಲ್ಲ, ಅದು ಸುಳ್ಳಲ್ಲ. ಮನಿ ಬಿದ್ದಿತ್ತು, ಆದ್ರೂ ನಾ ಹೋಗಾಕಿನs ಇದ್ನಿ. ದಿನಾ ಮುಂಜಾನೆ ಎದ್ದಾಗ ಹೋಗಾಕಿನs ಇದ್ನಿ. ಆ ಸಾಹೇಬನ ಮುಂದ ಬಾಯಿ ಬಿಟ್ಟು ಹೇಳಿದ್ನೆಲ್ಲ, ಅವತ್ತಿಂದ ಹೋಗದಾಕಿ ಆದ್ನಿ.’

ನಾಲ್ಕುನೂರು ಫಾರ್ಮು ತುಂಬಿದವಳು ಅಖ್ತರಬಾನು. ಒಂದು ಪ್ರಶ್ನೆ ಮನುಷ್ಯರಿಂದ ಏನನ್ನು ಕಿತ್ತುಕೊಂಡು ಹೋಗಬಲ್ಲದು ಎಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಹೊರಗೆ ಕೊಡ ತುಂಬಿ ಹರಿಯುತ್ತಿದೆ ಬಾರೇ ಎಂದು ಥಾವರಿಬಾಯಿ ಕೂಗುತ್ತಿದ್ದಳು. ಅಖ್ತರಬಾನು ಹೋಗಲಿಲ್ಲ. ಅತ್ತೆಯ ಪಕ್ಕದಲ್ಲಿ ನೆಲಕ್ಕೆ ಕೂತು, ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.